ಪರದೇಶದಲ್ಲಿ ಮೊದಲ ಮಾತು

ಪರದೇಶಕ್ಕೆ ಹೊರಡುವವರು ಬಟ್ಟೆಬರೆಗಳೊಡನೆ ಕೆಲವು ಪೂರ್ವಗ್ರಹಗಳನ್ನೂ ಕಟ್ಟಿಕೊಂಡು ಹೋಗುವುದುಂಟು. ಫ್ರೆಂಚರು ಗರ್ವಿಷ್ಠರು, ಇಂಗ್ಲಿಷ್ ಬಲ್ಲವರಾದರೂ ಆಡಲೊಲ್ಲರು ಎಂಬುದು ಅವುಗಳಲ್ಲೊಂದು.

ನಾವು ಪ್ಯಾರಿಸ್ಸಿನಲ್ಲಿದ್ದಾಗ ನಮ್ಮ ಜೊತೆಯವರೊಬ್ಬರು ರೊಟ್ಟಿಯಂಗಡಿಯೊಂದನ್ನು ಹೊಕ್ಕವರೇ ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಅಂಗಡಿಯಾಕೆ ಮೋರೆ ಬಿಗಿದುಕೊಂಡಳು. ‘ಕಂಡಿರಾ ಇವರ ಸೊಕ್ಕನ್ನು!’ ಎಂದರು ನಮ್ಮವರು. ಆದರೆ ಆ ದೇಶದಲ್ಲಿ ಅಂಗಡಿಯನ್ನು ಹೊಕ್ಕವರು ಮೊದಲು ‘ಬೋಂಜೂರ್’ ಎಂದು ವಂದಿಸುವುದು ವಾಡಿಕೆ. ವಂದಿಸದೆ ವ್ಯಾಪಾರಕ್ಕಿಳಿಯುವುದು ಅಲ್ಲಿಯವರಿಗೆ ಅಸಭ್ಯವೆಂದು ತೋರುವುದು. ನಮ್ಮ ಮನೆಗೆ ಬಂದವರು ಕುಶಲಪ್ರಶ್ನೆಯಿಲ್ಲದೆ ‘ಕಾಫಿ ತನ್ನಿ’ ಎಂದರೆ ನಮಗೆ ಹೇಗೆ ತೋರೀತು? ಮರುದಿನ ನಾವು ಅದೇ ಅಂಗಡಿಗೆ ಹೋಗಿ ಆ ಒಂದು ಮಾತನ್ನು ಮೊದಲು ಆಡಿದೆವು. ಆಕೆ ನಕ್ಕು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿಯೇ ಬೆಲೆ ತಿಳಿಸಿದಳು.

ಮುಂದೆ ಸ್ವಿಟ್ಜರ್ಲೆಂಡಿನ ರೈಲಿನಲ್ಲಿ ಆ ದೇಶದ ಮಹನೀಯರೊಬ್ಬರು, ‘ನೀವು ಭಾರತೀಯರು, ಮನೆಯಲ್ಲಿ ಹಿಂದಿಯನ್ನಾಡುವಿರಲ್ಲವೆ?’ ಎಂದು ಕೇಳಿದಾಗ ನಮ್ಮ ಜೊತೆಯವರ ಮುಖ ಕೆಂಪಾಯಿತು. ಕೇಳಿದವರ ಪುಟ್ಟ ದೇಶದಲ್ಲಿಯೇ 4 ರಾಷ್ಟ್ರಭಾಷೆಗಳುಂಟು. ಇಂದು ನೂರರಲ್ಲೊಬ್ಬರೂ ಆಡದ ರೋಮಾನ್ಶ್ ನುಡಿಗೂ 1938ರಲ್ಲಿ ಜನಮತದಿಂದ ಆ ಪದವಿ ದೊರೆಯಿತು. ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ 22 ಭಾಷೆಗಳಿವೆಯೆಂದೂ, ಅವುಗಳಲ್ಲೊಂದಾದ ಕನ್ನಡವೇ ನಮ್ಮ ಮನೆಮಾತೆಂದೂ ತಿಳಿಸಿದೆವು. ಆ ಮಹನೀಯರು ಸಂಕೋಚಪಟ್ಟು, ಕನ್ನಡದಲ್ಲಿ ವಂದಿಸುವುದು ಹೇಗೆಂದು ವಿಚಾರಿಸಿ, ತಡವರಿಸುತ್ತ ‘ನಮಸ್ಕಾರ’ ಎಂದರು. ನಮ್ಮವರ ಮುನಿಸು ಅಲ್ಲಿಯೇ ಕರಗಿತು.

ತಮ್ಮ ನುಡಿಯನ್ನು ಪರರು ಆದರಿಸಿದರೆ ಯಾರ ಮನಸ್ಸಾದರೂ ಅರಳುವುದು. ಆದುದರಿಂದ ಪ್ರವಾಸಕ್ಕೆ ಹೊರಡುವ ಮುನ್ನ, ಹೋಗುವೆಡೆಯ ಭಾಷೆಯಲ್ಲಿ ವಂದಿಸುವ, ಉಪಕಾರ ಸ್ಮರಿಸುವ, ಕ್ಷಮೆ ಬೇಡುವ ಮೂರು ಮಾತುಗಳನ್ನಾದರೂ ಮಕ್ಕಳೊಡನೆ ಕುಳಿತು ಕಲಿತುಕೊಳ್ಳಿರಿ.