ಗಿಣ್ಣದಿಂದ ಶುರು ಮಾಡಿ, ಮೇಷ್ಟ್ರೇ

ವಿನೋಬನಗರ, ಶಿವಮೊಗ್ಗ

ಪ್ರೀತಿಯ ಮೇಷ್ಟ್ರೇ,

ಭದ್ರಾವತಿಯಿಂದ ನೀವು ಬರೆದ ಕಾಗದ ಕೈಸೇರಿತು. ಸಾಕುಪ್ರಾಣಿಗಳ ಪಾಲನೆಯ ಬಗ್ಗೆ ಎಂಟನೇ ತರಗತಿಯ ಮಕ್ಕಳಿಗೆ ಏನು ಹೇಳಿಕೊಡಲಿ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಗಿಣ್ಣದಿಂದ ಶುರು ಮಾಡಿ.

ಪಕ್ಕದ ಮನೆಯ ಹಸು ಕರು ಹಾಕಿದರೆ ಅದರ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣ ತಟ್ಟೆಯಲ್ಲಿ ಬರುತ್ತದೆ, ಮಕ್ಕಳು ಬಾಯಿ ಚಪ್ಪರಿಸಿ ತಿನ್ನುತ್ತಾರೆ. ಆ ಹಾಲು ಮೊದಲು ಯಾರಿಗೆ ಸೇರಬೇಕಿತ್ತು ಎಂದು ಅವರನ್ನೇ ಕೇಳಿ. ಮನುಷ್ಯರ ಕೂಸು ತಾಯಿಯ ಹೊಟ್ಟೆಯಲ್ಲಿರುವಾಗಲೇ ಒಂದಷ್ಟು ರೋಗನಿರೋಧಕ ಶಕ್ತಿಯನ್ನು ಪಡೆದುಕೊಂಡು ಹುಟ್ಟುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಹಸುವಿನ ಮಾಸು ಪ್ರತಿಕಾಯಗಳನ್ನು ಕರುವಿಗೆ ದಾಟಿಸುವುದಿಲ್ಲ, ಅವೆಲ್ಲ ಇರುವುದು ಗಿಣ್ಣದ ಹಾಲಿನಲ್ಲಿ. ಅವನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಮೊದಲ ಕೆಲವು ಗಂಟೆ ಚೆನ್ನಾಗಿರುತ್ತದೆ. 24 ಗಂಟೆ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತದೆ. 20 ಕೆ.ಜಿ. ತೂಗುವ ಕರುವಿಗೆ ಸುಮಾರು 2 ಲೀಟರ್ ಬೇಕು, ಅದೂ ಆದಷ್ಟು ಬೇಗ, ಒಂದೆರಡು ಗಂಟೆಯೊಳಗೆ.

ನಮ್ಮಲ್ಲಿ ಆಗುವುದೇನು? ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದು ಎಂಬ ನಂಬಿಕೆ ಇನ್ನೂ ಎಷ್ಟೋ ಮನೆಗಳಲ್ಲಿದೆ. ಹಸುವಿಗೆ ಕೆಟ್ಟದಾದೀತು ಎಂಬ ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ. ನಿಜ ಸಂಗತಿ ತಿರುವುಮುರುವು: ಕರು ಮೊಲೆ ಚೀಪಿದಾಗಲೇ ಹಸುವಿನ ಗರ್ಭಕೋಶ ಬಿಗಿದು ಸಡಿಲಗೊಳ್ಳುತ್ತದೆ, ಮಾಸು ಬೀಳಲು ಅದರಿಂದ ಸಹಾಯವೇ ಆಗುತ್ತದೆ. ಕಾದು ಕೂತರೆ ಕರುವಿನ ಅಮೂಲ್ಯ ಗಂಟೆಗಳು ಹೋಗುತ್ತವೆ. ಆಮೇಲೆ ಅದು ಭೇದಿಯಾಗಿ ಸತ್ತರೆ ದೃಷ್ಟಿ ತಾಗಿತು ಎನ್ನುತ್ತೇವೆ.

ನಾನು ಹೇಳಬೇಕೆಂದಿರುವುದು ಇದನ್ನೇ. ನಮ್ಮ ಮಕ್ಕಳಿಗೆ ದನದ ಮೇಲೆ ಪ್ರೀತಿ ಹುಟ್ಟಿಸಲು ನೀವು ಕಷ್ಟಪಡಬೇಕಾಗಿಲ್ಲ. ದೀಪಾವಳಿಯ ಗೋಪೂಜೆಯಲ್ಲಿ ಮೈತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕಾಲಿಗೆ ಬೀಳುವವರ ಮಕ್ಕಳು ಅವರು. ನಮ್ಮ ಕೊಟ್ಟಿಗೆಗಳಲ್ಲಿ ಪ್ರೀತಿಗೆ ಬರವಿಲ್ಲ, ತಿಳಿವಳಿಕೆಗೆ ಬರ. ತಿಳಿಯದ ಪ್ರೀತಿಯಿಂದ ಪ್ರಾಣಿಗಳು ನರಳುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ಮದುವೆಮನೆಯ ಅನ್ನದ ವಿಷಯವನ್ನೇ ನೋಡಿ. ಉಳಿದ ಅನ್ನವನ್ನು ದನಕ್ಕೆ ಹಾಕಿದರೆ ಪುಣ್ಯ ಎಂದು ಬಕೆಟ್‌ಗಟ್ಟಲೆ ಸುರಿಯುತ್ತಾರೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಕರಗಿಸುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಒಮ್ಮೆಲೇ ಅಷ್ಟು ಪಿಷ್ಟ ಬಿದ್ದರೆ ಅದು ಹುಳಿತು ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಆ ಜೀವಿಗಳು ಸಾಯುತ್ತವೆ, ಮೆಲುಕು ನಿಲ್ಲುತ್ತದೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿದು ಕಣ್ಣು ಗುಳಿಬೀಳುತ್ತದೆ. ಚಿಕಿತ್ಸೆ ತಡವಾದರೆ ಒಂದೆರಡು ದಿನದಲ್ಲಿ ಹಸು ಮಲಗಿದಲ್ಲೇ ಹೋಗಬಹುದು. ಇಂಥ ಹೊತ್ತಿನಲ್ಲಿ 1962ಕ್ಕೆ ಫೋನ್ ಮಾಡಬೇಕು, ಪಶು ಸಂಜೀವಿನಿ ವಾಹನ ಬರುತ್ತದೆ ಎಂಬುದನ್ನು ಮಕ್ಕಳು ಬಾಯಿಪಾಠ ಮಾಡಲಿ.

ಪಾಠವನ್ನು ಕರಿಹಲಗೆಯ ಮೇಲೆ ಮುಗಿಸಬೇಡಿ. ಸಾಧುವಾದ ಒಂದು ಹಸುವಿನ ಹತ್ತಿರ, ಅದರ ಯಜಮಾನರು ಜೊತೆಗಿರುವಾಗ, ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ. ಎಡಪಕ್ಕೆಯಲ್ಲಿ, ಕೊನೆಯ ಪಕ್ಕೆಲುಬಿನ ಹಿಂದೆ ಒಂದು ತಗ್ಗು ಇರುತ್ತದೆ. ಅಲ್ಲಿ ಅಂಗೈ ಒತ್ತಿ ಸುಮ್ಮನೆ ನಿಂತರೆ, ಒಳಗಿನಿಂದ ಮುಷ್ಟಿಯೊಂದು ನಿಧಾನವಾಗಿ ಮೇಲೆದ್ದು ಕೈಯನ್ನು ತಳ್ಳಿ ಇಳಿದಂತಾಗುತ್ತದೆ. ಆರೋಗ್ಯವಂತ ಹಸುವಿನಲ್ಲಿ ಇದು ನಿಮಿಷಕ್ಕೆ ಒಂದೆರಡು ಸಲ. ಒಮ್ಮೆ ಇದನ್ನು ಅಂಗೈಯಲ್ಲಿ ಕಂಡುಕೊಂಡ ಹುಡುಗಿ, ಮನೆಯ ಹಸು ಹುಲ್ಲು ಬಿಟ್ಟ ದಿನ ಅಪ್ಪನಿಗಿಂತ ಮೊದಲು ಕೊಟ್ಟಿಗೆಗೆ ಓಡುತ್ತಾಳೆ.

ಅಲ್ಲೇ ಹಸುವನ್ನು ಕಟ್ಟಿದ ಹಗ್ಗವನ್ನೂ ತೋರಿಸಿ. 1965ರಲ್ಲಿ ಬ್ರಿಟನ್ನಿನಲ್ಲಿ ಬ್ರಾಂಬೆಲ್ ಎಂಬ ಪ್ರಾಣಿವಿಜ್ಞಾನಿಯ ನೇತೃತ್ವದ ಸಮಿತಿ, ಸಾಕಿದ ಪ್ರಾಣಿಗೆ ಕನಿಷ್ಠ ಏಳಲು, ಮಲಗಲು, ತಿರುಗಲು, ಕಾಲು ಚಾಚಲು, ಮೈ ನೆಕ್ಕಿಕೊಳ್ಳಲು ಸಾಧ್ಯವಿರಬೇಕು ಎಂದಿತು. ನಮ್ಮ ಕೊಟ್ಟಿಗೆಯಲ್ಲಿ ಗೂಟಕ್ಕೆ ಬಿಗಿಯಾಗಿ ಕಟ್ಟಿದ ಹಸು ತನ್ನ ಬೆನ್ನು ನೆಕ್ಕಿಕೊಳ್ಳಬಲ್ಲದೇ? ಬಾನಿಯ ನೀರು ಅದಕ್ಕೆ ಯಾವ ಹೊತ್ತಿಗೂ ಎಟುಕುತ್ತದೆಯೇ? ಹಾಲು ಕೊಡುವ ದೊಡ್ಡ ಮಿಶ್ರತಳಿ ಹಸುವಿಗೆ ದಿನಕ್ಕೆ ಐವತ್ತು ಅರವತ್ತು ಲೀಟರ್ ನೀರು ಬೇಕಾದೀತು. ಮೂರಡಿ ಎತ್ತರದ ನಮ್ಮ ಮಲೆನಾಡು ಗಿಡ್ಡಕ್ಕೆ ಅಷ್ಟು ಬೇಡ, ಆದರೆ ಗುಡ್ಡ ಸುತ್ತಿ ಮೇಯ್ದು ಅಭ್ಯಾಸವಾದ ಆ ಜೀವವನ್ನು ಇಡೀ ದಿನ ಕಟ್ಟಿಹಾಕುವುದು ಸರಿಯೇ ಎಂದು ಮಕ್ಕಳು ತಾವೇ ಚರ್ಚೆ ಮಾಡಲಿ.

ನಾಯಿಯ ವಿಷಯದಲ್ಲಿ ಎರಡೇ ಮಾತು ಸಾಕು: ಸಾಕಿದ ನಾಯಿಗೆ ಪ್ರತಿವರ್ಷ ಲಸಿಕೆ ಹಾಕಿಸಬೇಕು, ಯಾವುದೇ ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೈಗುಳಕ್ಕೆ ಹೆದರಿ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಬೈಯುವುದಿಲ್ಲ ಎಂದು ಮೊದಲೇ ಅವರಿಗೆ ಮಾತು ಕೊಡಿ.

ಮೇವಿನಲ್ಲಿರುವ ವಿಷದ ಪಾಠಕ್ಕೆ ನೀವು ಇಲ್ಲಿಗೇ ಬನ್ನಿ. ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜು ನಮ್ಮ ವಿನೋಬನಗರದಲ್ಲೇ ಇದೆ. ಅಲ್ಲಿ ಔಷಧ ಮತ್ತು ವಿಷಶಾಸ್ತ್ರ ಕಲಿಸಿದ ಡಾ. ಎನ್.ಬಿ. ಶ್ರೀಧರ ಅವರು ವಿಷಸಸ್ಯಗಳ ಬಗ್ಗೆ ರೈತರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ, ಸಿಕ್ಕಿದ್ದನ್ನೆಲ್ಲ ಓದಿಸಿ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರಿನಲ್ಲಿ ಸಯನೈಡ್ ಇರುತ್ತದೆ, ಲಂಟಾನ ತಿಂದ ದನದ ಪಿತ್ತಜನಕಾಂಗ ಕೆಟ್ಟು ಬಿಸಿಲಿಗೆ ಚರ್ಮ ಸುಲಿಯುತ್ತದೆ ಎಂಬುದನ್ನು ದನ ಮೇಯಿಸುವ ಮಕ್ಕಳು ದೊಡ್ಡವರಿಗಿಂತ ಬೇಗ ಮನಸ್ಸಿಗೆ ತಂದುಕೊಳ್ಳುತ್ತಾರೆ.

ಶಾಲೆಯಿಂದ ಮೊದಲೇ ಪತ್ರ ಬರೆದು ಕಾಲೇಜಿನ ಅನುಮತಿ ಕೇಳಿ. ಬರುವ ದಾರಿಯಲ್ಲಿ ಮಾಚೇನಹಳ್ಳಿಯ ಶಿಮುಲ್ ಡೇರಿ ಸಿಗುತ್ತದೆ. ಪ್ಯಾಕೆಟ್ ಹಾಲು ಮಾತ್ರ ಕಂಡಿರುವ ಮಕ್ಕಳಿಗೆ ಅದನ್ನೂ ತೋರಿಸಲಾದೀತೇ ವಿಚಾರಿಸಿ. ಕೈ ತೊಳೆಯಲು ಪ್ರತಿ ಮಗುವಿನ ಚೀಲದಲ್ಲೂ ಒಂದು ಸೋಪು ಇರಲಿ. ಊಟದ ಏರ್ಪಾಡು ನನ್ನದು, ಎಷ್ಟು ಜನ ಎಂದು ತಿಳಿಸಿದರೆ ಸಾಕು.

ಇಂತಿ,
ನಿಮ್ಮ ವಿಶ್ವಾಸದ ಗೆಳೆಯ