ಹೊಸ್ತಿಲು ದಾಟಿದ ದನಿ

ನಾನು ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರ. ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದವಳು ಅಡಿಗೆಮನೆಯಲ್ಲಿದ್ದ ನಾದಿನಿಯನ್ನು ಕೂಗಿ ಕರೆದೆ. ಅತ್ತೆ ಹೊರಗೆ ಬಂದು, "ಹೆಣ್ಣುಮಕ್ಕಳ ದನಿ ಹೊಸ್ತಿಲು ದಾಟಬಾರದು, ತಿಳೀತಾ?" ಎಂದರು. ಬೈದದ್ದಲ್ಲ. ಉಪ್ಪಿನಕಾಯಿಗೆ ಎಷ್ಟು ಉಪ್ಪು ಎಂದು ಹೇಳಿಕೊಡುವ ಹಾಗೆಯೇ ಹೇಳಿದ್ದು. ನಾನೂ ಹಾಗೆಯೇ ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಸಂತೆಯಲ್ಲಿ ಚೌಕಾಸಿ ಮಾಡುವುದಕ್ಕೂ ನನ್ನ ಗಂಟಲು ಏಳುತ್ತಿರಲಿಲ್ಲ.

2014ರ ಡಿಸೆಂಬರ್. ಸಾಗರದ ಚಳಿ ಕಂಡವರಿಗೇ ಗೊತ್ತು. ರಾತ್ರಿ ಎಂಟಕ್ಕೆಲ್ಲ ಬೀದಿ ಬಾಗಿಲು ಹಾಕಿ ಕಂಬಳಿ ಹೊದೆಯುವ ಕಾಲ. ಯಜಮಾನರು ಆಫೀಸಿನ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದರು. ಮಗ ಹಾಸ್ಟೆಲಿನಲ್ಲಿ. ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ.

ಒಂಬತ್ತು ಗಂಟೆಗೆ ಅತ್ತೆ, "ಹೊಟ್ಟೆ ಯಾಕೋ ತೊಳಸ್ತಿದೆ" ಎಂದರು. ಸಂಜೆ ತಿಂದಿದ್ದ ಅವರೆಕಾಳಿನ ಉಸಲಿಯ ಮೇಲೆ ಇಬ್ಬರೂ ಸೇರಿ ಅಪವಾದ ಹೊರಿಸಿದೆವು. ಜೀರಿಗೆ ಕಷಾಯ ಮಾಡಿ ಕೊಟ್ಟೆ. ಹತ್ತೂವರೆಗೆ ವಾಂತಿಯಾಯಿತು. "ಕಕ್ಕಿದ್ದೇ ಒಳ್ಳೆದಾಯ್ತು, ಇನ್ನು ಹಗುರಾಗುತ್ತೆ, ನೀನು ಮಲಗು ಹೋಗು" ಎಂದರು. ಸ್ವಲ್ಪ ಹೊತ್ತಿಗೆ ದವಡೆ ಜಗ್ಗಿದ ಹಾಗಾಗುತ್ತಿದೆ ಎಂದಾಗ ಅದು ಹೊಸ ಹಲ್ಲಿನ ಸೆಟ್ಟಿನ ಪಾಲಿಗೆ ಹೋಯಿತು. ಹೀಗೆ ಪ್ರತಿಯೊಂದಕ್ಕೂ ನಮ್ಮಲ್ಲಿ ಉತ್ತರವಿತ್ತು.

ಹನ್ನೆರಡೂವರೆಗೆ ಬೆನ್ನು ನೀವೋಣವೆಂದು ಕೈಯಿಟ್ಟೆ. ರವಿಕೆ ತೊಯ್ದು ತಣ್ಣಗಿತ್ತು. ಆ ಚಳಿಯಲ್ಲಿ ಬೆವರು! ನನ್ನ ದೊಡ್ಡಮ್ಮ ಹೀಗೆಯೇ ಬೆವೆತು, ಗ್ಯಾಸ್ ಗ್ಯಾಸ್ ಎನ್ನುತ್ತಲೇ ಬೆಳಗಾಗುವುದರೊಳಗೆ ಹೋಗಿಬಿಟ್ಟಿದ್ದರು. ಓಡಿಹೋಗಿ ಪಕ್ಕದ ಮನೆ ಮೇಷ್ಟ್ರ ಬಾಗಿಲು ಬಡಿದೆ. ಅವರು ಸ್ವೆಟರನ್ನು ತಿರುವುಮುರುವಾಗಿ ಹಾಕಿಕೊಂಡೇ ಕಾರು ತೆಗೆದರು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ನಮ್ಮ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗ ಇರಬಹುದು. ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. "ಎದೆ ನೋವಿದೆಯಾ ಅಜ್ಜಿ?" ಎಂದು ಕೇಳಿದ.

"ಇಲ್ಲಪ್ಪ, ಎದೆ ಏನೂ ನೋಯ್ತಿಲ್ಲ. ಗ್ಯಾಸು. ಇವಳೇ ಸುಮ್ಮನೆ ಹೆದರಿ ಕರಕೊಂಡು ಬಂದಳು."

ರೋಗಿಯೇ ಹೀಗೆ ಹೇಳಿದ ಮೇಲೆ ಡಾಕ್ಟರನ್ನು ಏನೆನ್ನುವುದು? ಬಿ.ಪಿ. ನೋಡಿ, ಒಂದು ಇಂಜೆಕ್ಷನ್ ಕೊಟ್ಟು, "ಮನೆಗೆ ಹೋಗಿ ಮೇಡಂ, ಕಡಿಮೆಯಾಗದಿದ್ದರೆ ಬೆಳಿಗ್ಗೆ ಬನ್ನಿ" ಎಂದ. ಅತ್ತೆ ಎದ್ದು ಕೂತು ಸೆರಗು ಸರಿಮಾಡಿಕೊಂಡರು. ನಾನು ಚಪ್ಪಲಿ ಅವರ ಕಾಲ ಬಳಿ ಇಟ್ಟೆ. ನಿಜ ಹೇಳುತ್ತೇನೆ, ಆ ಗಳಿಗೆ ನನಗೆ ಸಮಾಧಾನವೇ ಆಗಿತ್ತು. ಕಲಿತವರು ಏನೂ ಇಲ್ಲವೆಂದಾಗ ನಂಬುವುದು ಎಷ್ಟು ಸುಲಭ!

ಆದರೆ ಎಬ್ಬಿಸಲು ಹಿಡಿದ ಅವರ ಕೈ ಮತ್ತೆ ಒದ್ದೆ. ತಿರುಗಿ ನಿಂತೆ.

"ಡಾಕ್ಟ್ರೇ, ಇವರಿಗೆ 68 ವರ್ಷ. 15 ವರ್ಷದಿಂದ ಸಕ್ಕರೆ ಕಾಯಿಲೆ. ಈ ಚಳೀಲಿ ಹೀಗೆ ಬೆವೆತಿದ್ದಾರೆ, ದವಡೆ ಜಗ್ಗುತ್ತೆ ಅಂತಾರೆ. ಇಸಿಜಿ ತೆಗೆಯದೆ ನಾನು ಕರಕೊಂಡು ಹೋಗಲ್ಲ."

"ಟೆಕ್ನಿಷಿಯನ್ ಬರೋದು ಬೆಳಿಗ್ಗೆ ಮೇಡಂ."

"ಹಾಗಾದ್ರೆ ಇಸಿಜಿ ಬೇಕಾಗಿಲ್ಲ ಅಂತ ಚೀಟಿ ಮೇಲೆ ಬರೆದು ಸಹಿ ಹಾಕಿ ಕೊಡಿ!"

ಆ ದನಿ ನನ್ನದೇ ಎಂದು ನನಗೆ ತಿಳಿದದ್ದು ವರಾಂಡದಲ್ಲಿ ಮಲಗಿದ್ದವರೆಲ್ಲ ಎದ್ದು ಕೂತಾಗ. ಅತ್ತೆ ನಾಚಿಕೆಯಿಂದ ಮುಖ ಗೋಡೆಗೆ ತಿರುಗಿಸಿದರು. ವಯಸ್ಸಾದ ನರ್ಸೊಬ್ಬರು ಮಾತಾಡದೆ ಇಸಿಜಿ ಯಂತ್ರವನ್ನು ತಳ್ಳಿಕೊಂಡು ಬಂದರು.

ಕಾಗದದ ಪಟ್ಟಿ ನೋಡಿ ಡಾಕ್ಟರು, "ನೋಡಿ ಮೇಡಂ, ಅಂಥದ್ದೇನೂ ಇಲ್ಲ" ಎಂದ. ನನ್ನ ಮುಖ ಸಣ್ಣದಾಯಿತು. ಅಷ್ಟರಲ್ಲಿ ನರ್ಸು ನನ್ನ ಪಕ್ಕದಲ್ಲೇ ಹಾದುಹೋಗುತ್ತ, "ಅರ್ಧ ಗಂಟೆ ಬಿಟ್ಟು ಇನ್ನೊಂದ್ಸಲ ತೆಗೀರಿ ಅಂತ ಕೇಳಿ ಅಕ್ಕಾ" ಎಂದು ಪಿಸುಗುಟ್ಟಿದರು. ಮೊದಲ ಸಲ ಕೇಳುವುದಕ್ಕೆ ಭಯವೇ ಧೈರ್ಯ ಕೊಟ್ಟಿತ್ತು. ಸುಳ್ಳಾದ ಮೇಲೆ ಎರಡನೆಯ ಸಲ ಕೇಳುವುದಿದೆಯಲ್ಲ, ಅದು ಕಷ್ಟ. ಆದರೂ ಕೇಳಿದೆ.

ಎರಡನೆಯ ಪಟ್ಟಿ ಕೈಗೆ ಬಂದಾಗ ಆ ಹುಡುಗನ ಮುಖದ ಬಣ್ಣವೇ ಬೇರೆಯಾಯಿತು. ಫೋನು ಹೋಯಿತು. ಹಿರಿಯ ಡಾಕ್ಟರು ಹದಿನೈದು ನಿಮಿಷದಲ್ಲಿ ಬಂದರು. ಮಾತ್ರೆಗಳನ್ನು ಅಗಿಸಿದರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಸ್ಟ್ರೆಪ್ಟೋಕೈನೇಸ್, 15 ಲಕ್ಷ ಯೂನಿಟ್, ಒಂದು ಗಂಟೆ ಹೊತ್ತು ಹನಿಹನಿಯಾಗಿ ಹೋಯಿತು. ಯಾವ್ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿದರೆ ನನಗೆ "ಬಿಳಿದು ಒಂದು, ಹಳದಿ ಒಂದು" ಎನ್ನುವುದಷ್ಟೇ ಗೊತ್ತಿತ್ತು. ಮೇಷ್ಟ್ರು ಮತ್ತೆ ಮನೆಗೆ ಹೋಗಿ ಡಬ್ಬಿಯನ್ನೇ ತಂದರು.

ಆ ಹುಡುಗ ಬೆಳಗಿನವರೆಗೂ ಅತ್ತೆಯ ಮಂಚದ ಬಳಿಯಿಂದ ಕದಲಲಿಲ್ಲ. ಬೆಳಿಗ್ಗೆ, "ಮೇಡಂ, ನೀವು ನಾನು ಹೇಳಿದ್ದು ಕೇಳಿ ಹೋಗಿಬಿಟ್ಟಿದ್ದರೆ..." ಎಂದು ಅರ್ಧಕ್ಕೇ ನಿಲ್ಲಿಸಿದ. ನನಗೂ ಏನೂ ಹೇಳಲು ತೋಚಲಿಲ್ಲ. ಮಾರನೆಯ ದಿನ ಶಿವಮೊಗ್ಗಕ್ಕೆ ಕರೆದೊಯ್ದು ಆಂಜಿಯೋಗ್ರಾಂ ಮಾಡಿಸಿ, ಒಂದು ಸ್ಟೆಂಟ್ ಹಾಕಿಸಿದೆವು.

ಆಮೇಲೆ ಹಿರಿಯ ಡಾಕ್ಟರು ನಿಧಾನವಾಗಿ ವಿವರಿಸಿದರು. ಹೃದಯಾಘಾತವೆಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬೀಳುವುದೇ ಆಗಬೇಕಿಲ್ಲ. ಬಹಳ ಜನರಿಗೆ ಎದೆನೋವು ಬರುವುದು ನಿಜ. ಆದರೆ ಹೆಂಗಸರಲ್ಲಿ ಅದರ ಜೊತೆಗೋ ಅದಿಲ್ಲದೆಯೋ ವಾಂತಿ, ಬೆವರು, ಸುಸ್ತು, ದವಡೆ ಅಥವಾ ಬೆನ್ನು ನೋವು ಕಾಣಿಸಿಕೊಳ್ಳುವುದು ಹೆಚ್ಚು. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಮಂದ ಮಾಡಿ ನೋವನ್ನೇ ಮುಚ್ಚಿಬಿಡಬಹುದು. ಹೃದಯದ ಕೆಳಭಾಗಕ್ಕೆ ಪೆಟ್ಟಾದರೆ ಹೊಟ್ಟೆಯ ತೊಂದರೆಯಂತೆಯೇ ಕಾಣಬಹುದು. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಕರಗಿಸುವ ಇಂಜೆಕ್ಷನ್ನು ಎಷ್ಟು ಬೇಗ ಸಿಕ್ಕರೆ ಅಷ್ಟು ಹೃದಯ ಉಳಿಯುತ್ತದೆ.

ಅದನ್ನು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಆಸ್ಪತ್ರೆಯಲ್ಲಿ ಹೋದದ್ದು ಮುಕ್ಕಾಲು ಗಂಟೆ. ಒಂಬತ್ತರಿಂದ ಹನ್ನೆರಡೂವರೆವರೆಗಿನ ಮೂರೂವರೆ ಗಂಟೆಯನ್ನು ಯಾವ ಡಾಕ್ಟರೂ ಕಳೆಯಲಿಲ್ಲ. ಅದನ್ನು ನುಂಗಿದ್ದು ನನ್ನ ಜೀರಿಗೆ ಕಷಾಯ. ಯಾರೋ ಡಾಕ್ಟರನ್ನು ದೂರುವುದು ಕೇಳಿದಾಗಲೆಲ್ಲ ನನಗೆ ಆ ಕಷಾಯದ ಲೋಟ ನೆನಪಾಗುತ್ತದೆ.

ಅಂದಿನಿಂದ ನನ್ನ ಪರ್ಸಿನಲ್ಲಿ ಒಂದು ಚೀಟಿ ಇರುತ್ತದೆ. ಮನೆಯ ಪ್ರತಿಯೊಬ್ಬರ ಕಾಯಿಲೆ, ಮಾತ್ರೆಯ ಹೆಸರು, ಯಾವುದು ಒಗ್ಗುವುದಿಲ್ಲ, ಎಲ್ಲ ಅದರಲ್ಲಿದೆ. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ ಮೊದಲು ಚಿಕಿತ್ಸೆ, ಉಳಿದ ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು ತಜ್ಞರಿಗೆ ತೋರಿಸುವ ಏರ್ಪಾಡಾಗಿದೆ. ಏರ್ಪಾಡು ಎಷ್ಟಿದ್ದರೂ, "ಇವರು ದಿನಾ ಹೀಗಿರುವುದಿಲ್ಲ" ಎಂದು ಹೇಳಬಲ್ಲವರು ಜೊತೆಯಲ್ಲಿ ಬಂದವರು ಮಾತ್ರ. ನಾವು ಅದನ್ನು ಬಾಯಿಬಿಟ್ಟು ಹೇಳಬೇಕು.

ಅತ್ತೆ ಆಮೇಲೆ ಎಂಟು ವರ್ಷ ನಮ್ಮ ಜೊತೆಗಿದ್ದರು. ನೋಡಲು ಬಂದವರಿಗೆಲ್ಲ, "ಅವತ್ತು ಇವಳ ಗಲಾಟೆ ಬಸ್ ಸ್ಟ್ಯಾಂಡಿನವರೆಗೂ ಕೇಳಿತ್ತು" ಎಂದು ಹೇಳುತ್ತಿದ್ದರು. ಅದು ದೂರೋ ಹೆಮ್ಮೆಯೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಗೆ ಬಂದು ತಿಂಗಳಾಗಿತ್ತು. ಹಿತ್ತಲಿನಿಂದ ಎಂದಿನ ಮೆಲುದನಿಯಲ್ಲಿ, "ಅತ್ತೆ, ಮಾತ್ರೆ ತಗೊಂಡ್ರಾ?" ಎಂದೆ. ಒಳಗಿನಿಂದ ಉತ್ತರ ಬಂತು:

"ಏನಂದೆ? ಕೇಳಲ್ಲ. ಜೋರಾಗಿ ಹೇಳು."