15 ಗಿನಿಗೆ ಮಾರಿಹೋದ ಸಂಗೀತ

ಮರೆತುಹೋದವರ ಸರಣಿ, ಭಾಗ 4. ಇವತ್ತಿಂದು ಸ್ವಲ್ಪ ಉದ್ದ ಇದೆ, ಕೊನೇವರೆಗೂ ಓದಿ.

ರಾಯಲ್ಟಿ ಅಕೌಂಟ್ಸ್ ಚಾಪ್ಟರ್ ನೆನಪಿದ್ಯಾ? ಮಿನಿಮಮ್ ರೆಂಟ್, ಶಾರ್ಟ್ ವರ್ಕಿಂಗ್ಸ್... ಗಣಿ ಲೆಕ್ಕ ಮಾಡಿ ಮಾಡಿ, ರಾಯಲ್ಟಿ ಅಂದ್ರೆ ಬರೀ ಮಾರ್ಕ್ಸ್ ಅಂದ್ಕೊಂಡಿದ್ದೆ. ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್ ಕಥೆ ಓದೋವರೆಗೂ.

ಹುಟ್ಟಿದ್ದು 1875, ಲಂಡನ್. ಅಮ್ಮ ಇಂಗ್ಲಿಷಿನವರು. ಅಪ್ಪ ಸಿಯೆರಾ ಲಿಯೋನ್‌ನಿಂದ ಬಂದು ಡಾಕ್ಟರ್ ಓದಿದವರು, ಆಮೇಲೆ ಆಫ್ರಿಕಾಗೆ ವಾಪಸ್ ಹೋದ್ರು. ಹುಡುಗ ಬೆಳೆದಿದ್ದು ಕ್ರಾಯ್ಡನ್‌ನಲ್ಲಿ, ಅಮ್ಮನ ಮನೇಲಿ. ಮೊದಲು ವಯೊಲಿನ್ ಹೇಳಿಕೊಟ್ಟಿದ್ದು ತಾತ. 15ಕ್ಕೆ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದ್ದೂ ವಯೊಲಿನ್‌ಗೇ.

ದೊಡ್ಡವರಾಗಿ ಹೆಸರು ಮಾಡಿದ್ಮೇಲೂ ಬೀದೀಲಿ ಹುಡುಗ್ರು ಮೈಬಣ್ಣ ನೋಡಿ ಅಣಕಿಸ್ತಿದ್ರಂತೆ. ಆಗ ಅಪ್ಪ ನನ್ನ ಕೈನ ಇನ್ನೂ ಬಿಗಿಯಾಗಿ ಹಿಡ್ಕೊತಿದ್ರು ಅಂತ ಮಗಳು ನೆನಪಿಸಿಕೊಂಡಿದ್ದಾರೆ.

1898ರಲ್ಲಿ 'ಹಿಯವಾಥಾಸ್ ವೆಡ್ಡಿಂಗ್ ಫೀಸ್ಟ್' ಅನ್ನೋ ವೃಂದಗಾನ ಸೂಪರ್ ಹಿಟ್. ಆದ್ರೆ ಅದರ ಹಕ್ಕನ್ನ ಒಂದೇ ಸಲಕ್ಕೆ 15 ಗಿನಿಗೆ ಮಾರಿಬಿಟ್ಟಿದ್ರು. ಒಂದು ಗಿನಿಗೆ 21 ಶಿಲ್ಲಿಂಗ್, ಅಂದ್ರೆ 15 ಪೌಂಡ್ 15 ಶಿಲ್ಲಿಂಗ್. ಎಂಟ್ರಿ ಕ್ಲೋಸ್. ಊರೂರಲ್ಲಿ ಹಾಡಿದ್ರು, ಪ್ರತಿಗಳು ಖರ್ಚಾದ್ವು, ಬರೆದವರಿಗೆ ಅದರಿಂದ ಏನೂ ಬರಲಿಲ್ಲ. ಸಂಸಾರಕ್ಕಾಗಿ ಪಾಠ, ಕಂಡಕ್ಟಿಂಗ್, ಸ್ಪರ್ಧೆಗಳಲ್ಲಿ ತೀರ್ಪುಗಾರಿಕೆ. ಬಿಡುವೇ ಇಲ್ಲ.

ಕೊನೆಗೆ ಮತ್ತೆ ವಯೊಲಿನ್‌ಗೇ ಬಂದ್ರು. ಅಮೆರಿಕದ ಮಾಡ್ ಪವೆಲ್‌ಗೋಸ್ಕರ ಒಂದು ಕನ್ಸರ್ಟೊ, ಜಿ ಮೈನರ್‌ನಲ್ಲಿ. ಮೊದಲು ಬರೆದಿದ್ದನ್ನ ಪಕ್ಕಕ್ಕಿಟ್ಟು ಹೊಸದಾಗಿ ಬರೆದ್ರು. ವಾದ್ಯದವರಿಗೆ ಕಳಿಸಿದ ಹಾಳೆಗಳು ದಾರೀಲೇ ಕಳೆದುಹೋದ್ವು, ಮತ್ತೆ ನಕಲು ಮಾಡಿ ಕಳಿಸಬೇಕಾಯ್ತು. 1912ರ ಜೂನ್‌ನಲ್ಲಿ ಅಮೆರಿಕದಲ್ಲಿ ನುಡಿಸಿದ್ರು. ಲಂಡನ್ ಕೇಳಿದ್ದು ಅಕ್ಟೋಬರ್‌ನಲ್ಲಿ.

ಅಷ್ಟರಲ್ಲಿ ಅವರೇ ಇರಲಿಲ್ಲ. ವೆಸ್ಟ್ ಕ್ರಾಯ್ಡನ್ ಸ್ಟೇಷನ್‌ನಲ್ಲಿ ಕುಸಿದುಬಿದ್ರು, ನ್ಯುಮೋನಿಯಾ, ಸೆಪ್ಟೆಂಬರ್ 1ಕ್ಕೆ ಹೋಗಿಬಿಟ್ರು. ವಯಸ್ಸು 37. ಹೆಂಡತಿಗೆ ಅರಮನೆಯಿಂದ ವರ್ಷಕ್ಕೆ 100 ಪೌಂಡ್ ಪಿಂಚಣಿ ಕೊಡಬೇಕಾಯ್ತು. 1914ರಲ್ಲಿ ಸಂಗೀತಗಾರರ ಹಣ ವಸೂಲಿಗೆ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಶುರುವಾಯ್ತು. ಅದರ ಕಥೆ ಹೇಳುವಾಗ ಇವರ ಹೆಸರು ಬಂದೇ ಬರುತ್ತೆ.

ಈಗ ನನ್ನ ವಿಷಯ. ಹೋದ ವರ್ಷ ಒಂದು ಅಂಗಡಿಯ ರೀಲ್‌ಗೆ 20 ಸೆಕೆಂಡ್ ವಯೊಲಿನ್ ನುಡಿಸಿಕೊಟ್ಟೆ. 1500 ರೂಪಾಯಿ. ಪೇಪರ್ ಓದದೇ ಸೈನ್ ಮಾಡಿದೆ, ಅವತ್ತು ಮನೇಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದೆ. ಈಗ ಅದೇ ಟ್ಯೂನ್ ಅವರ ಎಲ್ಲಾ ಜಾಹೀರಾತಲ್ಲೂ ಬರುತ್ತೆ, ಹೆಸರಿಲ್ಲದೆ. ಕೇಳೋಕೆ ಹೋದ್ರೆ, ಸೈನ್ ನಂದೇ.

ಮೊನ್ನೆ ಇನ್ನೊಂದು ಟ್ಯೂನ್ ಕೇಳಿದ್ದಾರೆ. ಪೇಪರ್ ಬ್ಯಾಗಲ್ಲೇ ಇದೆ. ದುಡ್ಡು ಬೇಕು, ಎಕ್ಸಾಂ ಫೀಸ್ ಕಟ್ಟಬೇಕು. ಅವರಿಗೂ ಆವತ್ತು 15 ಗಿನಿ ಬೇಕಾಗೇ ಇತ್ತಲ್ವಾ?

ಇವತ್ತು ರಾತ್ರಿ ಕನ್ಸರ್ಟೊದ ಎರಡನೇ ಭಾಗ ಹಾಕ್ಕೊಂಡು ಪೇಪರ್ ಪೂರ್ತಿ ಓದ್ತೀನಿ. ನೀವೂ ಕೇಳಿ. ಡಿಸೈನ್, ಫೋಟೋ, ಕೋಡ್, ಏನೇ ಮಾರೋರಿದ್ರೂ ಸೈನ್‌ಗೆ ಮುಂಚೆ ಓದಿ.

ಭಾಗ 5 ಭಾನುವಾರ.